ತೂಕ ಏರಿದ್ದೆಲ್ಲ ತೋಳಲ್ಲ ಸ್ವಾಮೀ...

"ಸಣ್ಣಗ ಅದೀಯಲ್ಲಲೇ, ಮೊದ್ಲು ಬಲ್ಕ್ ಮಾಡು. ಸಿಕ್ಕಿದ್ದೆಲ್ಲ ತಿನ್ನು. ಆಮೇಲೆ ನಾನು ಕಟ್ ಮಾಡಿಸ್ತೀನಿ."

ನಮ್ಮ ಬಳ್ಳಾರಿಯಲ್ಲಿ ಜಿಮ್ಮಿಗೆ ಸೇರಿದ ತೆಳ್ಳನೆ ಹುಡುಗನಿಗೆ ಮೊದಲ ದಿನವೇ ಸಿಗೋ ಉಪದೇಶ ಇದು. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋನು. ನಮ್ಮ ಟೀಮಿನಲ್ಲಿ ಯಾರಾದ್ರೂ "ಮೊದಲು ಬೇಕಂತಲೇ ಸಾವಿರ ಬಗ್ ತುಂಬೋಣ, ಆಮೇಲೆ ಕೂತು ಒಂದೊಂದಾಗಿ ತೆಗೆಯೋಣ" ಅಂದ್ರೆ ಮೊದಲು ಅವನನ್ನೇ ಪ್ರಾಜೆಕ್ಟಿನಿಂದ ತೆಗೀತಾರೆ. ಜಿಮ್ಮಲ್ಲಿ ಮಾತ್ರ ಅಂಥವನಿಗೆ ಪರ್ಸನಲ್ ಟ್ರೈನಿಂಗ್ ಅಂತ ಬೇರೆ ಫೀಸು ಕೊಡಬೇಕು! :-)

ಸಿರುಗುಪ್ಪದಲ್ಲಿ ನನ್ನ ಮಾವನ ಮಗ ಒಬ್ಬ ಇದ್ದಾನೆ. ಸೇರಿದಾಗ 58 ಕಿಲೋ. ಆರು ತಿಂಗಳು ಗುರುವಾಕ್ಯ ಪಾಲಿಸಿ 70 ಮುಟ್ಟಿದ. ಮನೆಯಲ್ಲೆಲ್ಲ ಖುಷಿ, "ಈಗ ಲಕ್ಷಣವಾಗಿ ಕಾಣ್ತಾನೆ ನೋಡು" ಅಂತ. ಅಂಗಿ ಬಿಗಿಯಾಗಿದ್ದೇನೋ ನಿಜ, ಆದರೆ ಬಿಗಿಯಾಗಿದ್ದು ತೋಳಿನ ಹತ್ತಿರ ಅಲ್ಲ, ಕೆಳಗಿನ ಮೂರು ಗುಂಡಿಗಳ ಹತ್ತಿರ. ಅವನ ಅಪ್ಪನಿಗೆ ಶುಗರ್, ಅಜ್ಜನಿಗೂ ಶುಗರ್ ಇತ್ತು. ಈಗ ಅದೇ ಗುರು "ಕಟ್ಟಿಂಗ್ ಶುರು ಮಾಡೋಣ" ಅಂತ ಕೊಬ್ಬು ಕರಗಿಸೋ ಡಬ್ಬಿ ತೋರಿಸ್ತಿದ್ದಾರೆ. ಅಂದ್ರೆ ಏರಿಸೋಕೂ ದುಡ್ಡು, ಇಳಿಸೋಕೂ ದುಡ್ಡು. ಹುಡುಗನ ಕೈಗೆ ಬಂದಿದ್ದೇನು?

ಇದು ಬರೀ ಚೆಂದ ಕಾಣೋ ಪ್ರಶ್ನೆ ಅಲ್ಲ ಗೆಳೆಯರೇ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಬಂದಿತ್ತು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮ ಮೈಯನ್ನೇ ಅಳೆದುಕೊಂಡಿದ್ದರು. ಇಬ್ಬರದ್ದೂ ಬಿಎಂಐ 22.3. ಪಕ್ಕಾ ಒಂದೇ. ಆದರೆ ಮೈಯಲ್ಲಿದ್ದ ಕೊಬ್ಬು? ಯುಡ್ಕಿನ್‌ಗೆ ಶೇ. 9.1, ನಮ್ಮ ಯಾಜ್ಞಿಕರಿಗೆ ಶೇ. 21.2! ನೋಡೋಕೆ ತೆಳ್ಳಗೆ, ಒಳಗೆ ಕೊಬ್ಬು. ನಮ್ಮಲ್ಲಿ ಬಹಳ ಜನರ ದೇಹದ ಕಥೆ ಇದೇ. ಕಡ್ಡಿಯಂಥ ಕೈ, ಮುಂದೆ ಸಣ್ಣ ಗಡಿಗೆಯಂಥ ಹೊಟ್ಟೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು, ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು. ಇಂಥ ಮನೆತನಗಳ ಹುಡುಗನಿಗೆ "ಮೊದಲು ಕೊಬ್ಬು ಬರಲಿ ಬಿಡು, ಆಮೇಲೆ ನೋಡೋಣ" ಅನ್ನೋದು ಸಲಹೆಯೋ, ಬೇಜವಾಬ್ದಾರಿಯೋ? ನೀವೇ ಹೇಳಿ.

ಸರಿ, ಬಲ್ಕ್ ವಾದದವರ ಲೆಕ್ಕವನ್ನೇ ನೋಡೋಣ. ಒಂದು ಕಿಲೋ ಕೊಬ್ಬು ಅಂದ್ರೆ ಹತ್ತಿರ ಹತ್ತಿರ 7,700 ಕ್ಯಾಲೊರಿ. ದಿನಕ್ಕೆ ಸಾವಿರ ಕ್ಯಾಲೊರಿ ಹೆಚ್ಚಿಗೆ ತಿಂದ್ರೆ ತಿಂಗಳಿಗೆ 30 ಸಾವಿರ. ಹೊಸದಾಗಿ ಶುರು ಮಾಡಿದ ಹುಡುಗ ತಿಂಗಳಿಗೆ ಒಂದು ಕಿಲೋ ಸ್ನಾಯು ಕಟ್ಟಿದರೆ ಅದೇ ಧಾರಾಳ. ಉಳಿದದ್ದು ಎಲ್ಲಿಗೆ ಹೋಗಬೇಕು? ಸ್ನಾಯು ಕಟ್ಟೋ ಮೇಸ್ತ್ರಿ ದಿನಕ್ಕೆ ಇಷ್ಟೇ ಇಟ್ಟಿಗೆ ಇಡ್ತಾನೆ. ನೀವು ಹತ್ತು ಲಾರಿ ಇಟ್ಟಿಗೆ ತಂದು ಸುರಿದ್ರೆ ಗೋಡೆ ಬೇಗ ಏಳಲ್ಲ, ಅಂಗಳ ತುಂಬುತ್ತೆ ಅಷ್ಟೆ.

ಇದನ್ನ ನಾರ್ವೆಯಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ, 2013ರಲ್ಲಿ ಫಲಿತಾಂಶ ಬಂತು. ಉನ್ನತ ಮಟ್ಟದ ಕ್ರೀಡಾಪಟುಗಳ ಒಂದು ಗುಂಪಿಗೆ ಲೆಕ್ಕ ಹಾಕಿ ಜಾಸ್ತಿ ತಿನ್ನಿಸಿದರು, ಇನ್ನೊಂದು ಗುಂಪಿಗೆ ಹಸಿವಾದಷ್ಟು ತಿನ್ನಿ ಅಂದರು. ಮೊದಲ ಗುಂಪು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ತಿಂತು. ಎಂಟು-ಹನ್ನೆರಡು ವಾರ ಕಳೆದ ಮೇಲೆ ಅವರ ಕೊಬ್ಬು ಶೇ. 15 ಏರಿತ್ತು, ಎರಡನೇ ಗುಂಪಿನದ್ದು ಬರೀ ಶೇ. 3. ಸ್ನಾಯುವಿನಲ್ಲಿ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳೋ ಅಂತ ವ್ಯತ್ಯಾಸ ಸಿಗಲಿಲ್ಲ. ದಿನವಿಡೀ ಮೈ ದಂಡಿಸೋ ಅಂಥವರಿಗೇ ಈ ಗತಿ. ಇನ್ನು ದಿನಕ್ಕೆ ಹತ್ತು ಗಂಟೆ ಕುರ್ಚಿಗೆ ಅಂಟಿಕೊಂಡಿರೋ ನಮ್ಮಂಥವರ ಪಾಡೇನು?

ಹಾಗಾದ್ರೆ ಎಷ್ಟು ತಿನ್ನಬೇಕು? ಈಗ ತೂಕ ಏರದೆ ಇಳಿಯದೆ ನಿಂತಿದೆಯಲ್ಲ, ಆ ಊಟಕ್ಕಿಂತ 200-300 ಕ್ಯಾಲೊರಿ ಹೆಚ್ಚು, ಅಷ್ಟೇ. ಒಂದು ಲೋಟ ಹಾಲು, ಒಂದು ಸಣ್ಣ ಹಿಡಿ ಶೇಂಗಾ. ಮುಗೀತು ನಿಮ್ಮ ಬಲ್ಕ್! ಈಗಾಗಲೇ ಹೊಟ್ಟೆ ಮುಂದೆ ಬಂದವರಿಗೆ ಅದೂ ಬೇಡ. ಹೊಸಬರಾದ್ರೆ ಇದ್ದ ಊಟದಲ್ಲೇ ಪ್ರೋಟೀನ್ ಹೆಚ್ಚಿಸಿ ಭಾರ ಎತ್ತಿದರೆ ಸ್ನಾಯು ಬರುತ್ತೆ, ಕೊಬ್ಬೂ ಇಳಿಯುತ್ತೆ. ನಿಜವಾಗಿ ಜಾಸ್ತಿ ತಿನ್ನಬೇಕಾದವರು ಅಂದ್ರೆ ತೂಕವೇ ಇಲ್ಲದ ತೀರಾ ಸಣಕಲರು, ಬಿಎಂಐ 18.5ಕ್ಕಿಂತ ಕೆಳಗಿರೋರು. ಅವರಿಗೆ ಹೇಳಿದ್ದನ್ನ ಊರಿಗೆಲ್ಲ ಹೇಳೋದು ಯಾವ ನ್ಯಾಯ?

ಇನ್ನು ಪ್ರೋಟೀನ್ ಪುರಾಣ. ಇಂಟರ್ನೆಟ್ಟಿನಲ್ಲಿ ಸಿಗೋ ಪಟ್ಟಿಗಳಲ್ಲಿ ಬ್ರೊಕೊಲಿ, ಅವಕಾಡೊ, ಸಾಲ್ಮನ್ ಮೀನು. ಕುರುಗೋಡಿನ ಸಂತೆಯಲ್ಲಿ ಸಾಲ್ಮನ್ ಹುಡುಕೋಕೆ ಹೋದ್ರೆ ದೊಡ್ಡಬಸವೇಶ್ವರ ಗುಡಿಯ ನಂದಿ ಕೂಡ ಎದ್ದು ನಕ್ಕುಬಿಡುತ್ತೆ! 2018ರಲ್ಲಿ 49 ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಲೆಕ್ಕ ಇಷ್ಟು: ಮೈತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು, ಅದಕ್ಕೂ ಮೀರಿ ತಿಂದ್ರೆ ಹೆಚ್ಚಿನ ಲಾಭ ಕಾಣಲ್ಲ. 62 ಕಿಲೋ ಇರೋನಿಗೆ 100 ಗ್ರಾಂ ಹತ್ತಿರ. ನಮ್ಮೂರ ತಟ್ಟೆಯಲ್ಲೇ ಕೂಡಿಸಿ ನೋಡಿ.

- ಮೂರು ಮೊಟ್ಟೆ: 18
- ಎರಡು ಜೋಳದ ರೊಟ್ಟಿ (ಹಿಟ್ಟು 100 ಗ್ರಾಂ): 10
- ಒಂದು ಬಟ್ಟಲು ಕಾಳುಪಲ್ಯ: 8
- ಮೊಸರು 200 ಗ್ರಾಂ: 7
- ಹುರಿಗಡಲೆ 50 ಗ್ರಾಂ: 11
- ಶೇಂಗಾ 30 ಗ್ರಾಂ: 7
- ಒಣ ಸೋಯಾ ಉಂಡೆ 50 ಗ್ರಾಂ (ನೆನೆಸಿ ಸಾರಿಗೆ ಹಾಕಿ): 26
- ಹಾಲು ಕಾಲು ಲೀಟರ್: 8
- ಅನ್ನ 200 ಗ್ರಾಂ: 5

ಒಟ್ಟು 100 ಗ್ರಾಂ. ಎಲ್ಲಾ ಬಡಾವಣೆಯ ಕಿರಾಣಿ ಅಂಗಡಿಯಲ್ಲೇ ಸಿಗೋವು. ಮೊಟ್ಟೆ ತಿನ್ನದವರು ಪನೀರೋ ಇನ್ನಷ್ಟು ಹಾಲೋ ಸೇರಿಸಿಕೊಳ್ಳಲಿ, ಕೋಳಿ ತಿನ್ನೋರು ಸೋಯಾ ಬಿಡಲಿ. ಇದರ ಪಕ್ಕದಲ್ಲಿ ನಮ್ಮ ಮಾಮೂಲಿ ದಿನಚರಿ ಇಡಿ: ಬೆಳಿಗ್ಗೆ ಒಗ್ಗರಣೆ-ಮಿರ್ಚಿ, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಮತ್ತೆ ಅನ್ನ-ಸಾರು. ಸಿರುಗುಪ್ಪ ತುಂಗಭದ್ರಾ ನೀರಲ್ಲಿ ಭತ್ತ ಬೆಳೆಯೋ ಸೀಮೆ, ಅನ್ನ ಬಿಡಿ ಅಂತ ಹೇಳೋ ಧೈರ್ಯ ನನಗಿಲ್ಲ, ಬಿಡಬೇಕಾಗೂ ಇಲ್ಲ. ತಟ್ಟೆಯಲ್ಲಿ ಅನ್ನದ ಗುಡ್ಡ ಸ್ವಲ್ಪ ತಗ್ಗಲಿ, ಕಾಳಿನ ಬಟ್ಟಲು ಸ್ವಲ್ಪ ದೊಡ್ಡದಾಗಲಿ. ಮಿರ್ಚಿ ದಿನಾ ಬೇಡ, ಭಾನುವಾರ ಇರಲಿ. (ನಾನೂ ಬಳ್ಳಾರಿಯವನೇ ಕಣ್ರೀ!)

ನಮ್ಮ ಸೀಮೆಗೆ ಪ್ರೋಟೀನ್ ಕೊರತೆ ಇದೆ ಅನ್ನೋದು ನನ್ನ ಸಂಶೋಧನೆ ಏನಲ್ಲ. ಶಾಲಾ ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಅಂತಲೇ 2021ರ ಡಿಸೆಂಬರಿನಲ್ಲಿ ಸರ್ಕಾರ ಬಳ್ಳಾರಿಯೂ ಸೇರಿ ಈ ಭಾಗದ ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದ್ದು. ಆಗ ಎದ್ದ ಗಲಾಟೆ ನಿಮಗೆ ನೆನಪಿರಬಹುದು. ನನಗೆ ನಗು ಬರೋದು ಯಾಕೆ ಅಂದ್ರೆ, ಮಗು ಶಾಲೆಯಲ್ಲಿ ಒಂದು ಮೊಟ್ಟೆ ತಿಂದ್ರೆ ಚರ್ಚೆ ಮಾಡೋ ನಾವು, ಅದೇ ಮಗು ಇಪ್ಪತ್ತು ದಾಟಿದ ಮೇಲೆ ಸಾವಿರಾರು ರೂಪಾಯಿಯ ಪುಡಿ ಡಬ್ಬಿ ತಂದ್ರೆ ಒಳಗೇನಿದೆ ಅಂತ ಕೇಳಲ್ಲ. 2024ರಲ್ಲಿ ನಮ್ಮ ದೇಶದಲ್ಲಿ ಮಾರಾಟವಾಗೋ 36 ಪ್ರೋಟೀನ್ ಪುಡಿಗಳನ್ನ ಪರೀಕ್ಷಿಸಿದ ವರದಿ ಬಂತು. ಅವುಗಳಲ್ಲಿ ಶೇ. 70ರಷ್ಟು ಡಬ್ಬಿಗಳ ಮೇಲೆ ಬರೆದ ಪ್ರೋಟೀನ್ ಲೆಕ್ಕ ಸರಿ ಇರಲಿಲ್ಲ. ಪುಡಿಯೇ ವಿಷ ಅಂತ ನಾನು ಹೇಳ್ತಿಲ್ಲ, ಒಳ್ಳೇ ಪುಡಿ ಅಂದ್ರೆ ಹಾಲಿನದೇ ಪ್ರೋಟೀನ್. ಆದರೆ ಅದು ತಟ್ಟೆಯಲ್ಲಿ ಕಮ್ಮಿ ಬಿದ್ದದ್ದನ್ನ ತುಂಬೋಕೆ, ತಟ್ಟೆಯ ಬದಲಿಗೆ ಅಲ್ಲ. ಇನ್ನು "ಒಂದು ಕೋರ್ಸ್ ಇದೆ, ಸೂಜಿ ಅಷ್ಟೆ" ಅಂತ ಯಾರಾದ್ರೂ ಪಿಸುಗುಟ್ಟಿದರೆ ಎದ್ದು ಬನ್ನಿ. ಕಟ್ಟಿದ ಫೀಸು ಹೋದ್ರೆ ಹೋಗಲಿ.

ಈಗ ಎತ್ತೋ ವಿಷಯ. ಎಪಿಎಂಸಿಯಲ್ಲಿ ಹಮಾಲರು ದಿನಾ ನೂರಾರು ಚೀಲ ಹೊರ್ತಾರೆ. ಭಾರ ಹೊತ್ತರಷ್ಟೇ ಮೈ ಬೆಳೆಯೋದಾದ್ರೆ ಅವರೆಲ್ಲ ಪೈಲ್ವಾನರಾಗಬೇಕಿತ್ತು. ಯಾಕಾಗಲ್ಲ? ದಿನಾ ಅದೇ ಭಾರ, ದಣಿವಾರಿಸಿಕೊಳ್ಳೋಕೆ ಬಿಡುವಿಲ್ಲ, ಸವೆದಷ್ಟು ತುಂಬೋ ಊಟ ಇಲ್ಲ. ಸ್ನಾಯು ಬೆಳೆಯೋಕೆ ಬೇಕಾದ್ದು ಈ ಮೂರೇ: ಮೆಲ್ಲಮೆಲ್ಲಗೆ ಏರೋ ಭಾರ, ಬಿಡುವು, ಊಟ. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತೋರಿಗೆ ಇದು ಗೊತ್ತು, ಯಾರೂ ಮೊದಲ ದಿನವೇ ದೊಡ್ಡ ಕಲ್ಲಿಗೆ ಕೈ ಹಾಕಲ್ಲ. ನಮ್ಮ ಜಿಮ್ಮುಗಳಲ್ಲಿ ಮಾತ್ರ ವರ್ಷಗಟ್ಟಲೆ ಅದೇ ಡಂಬೆಲ್, ಅದೇ ಕನ್ನಡಿ, ಅದೇ ಸೆಲ್ಫಿ.

ವಾರಕ್ಕೆ ಮೂರು ದಿನ ಸಾಕು. ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್, ರೋ, ತಲೆ ಮೇಲೆ ಎತ್ತೋದು, ಪುಲ್-ಅಪ್: ಇವನ್ನ ಹಂಚಿಕೊಂಡು ಪ್ರತಿ ಸ್ನಾಯುವಿಗೂ ವಾರದಲ್ಲಿ ಎರಡು ಸಲ, ಒಟ್ಟು ಹತ್ತು ಸೆಟ್ ಆಸುಪಾಸು ಸಿಗೋ ಹಾಗೆ ನೋಡ್ಕೊಳ್ಳಿ. ಸೆಟ್ಟಿಗೆ 6ರಿಂದ 12 ಸಲ, ಇನ್ನೊಂದೆರಡು ಆಗುತ್ತೆ ಅನ್ನಿಸಿದಾಗ ನಿಲ್ಲಿಸಿ. ಎಲ್ಲಾ ಸೆಟ್ಟಲ್ಲೂ 12 ಆಯ್ತಾ, ಮುಂದಿನ ಸಲ ಎರಡೂವರೆ ಕಿಲೋ ಏರಿಸಿ. ಬರೆದಿಡಿ. ಹತ್ತಿಪ್ಪತ್ತು ರೂಪಾಯಿಯ ನೋಟ್‌ಬುಕ್ಕೇ ಈ ಪ್ರೋಗ್ರಾಮಿನ ಅತಿ ಮುಖ್ಯ ಉಪಕರಣ. ಜಿಮ್ ಇಲ್ಲದ ಹಳ್ಳಿಯಲ್ಲಿದ್ದೀರಾ? ಚೀಲಕ್ಕೆ ಮರಳು ತುಂಬಿ ತೂಗಿ, ಅದನ್ನ ಹೊತ್ತು ಬಸ್ಕಿ ಹೊಡೀರಿ, ಬೆನ್ನ ಮೇಲಿಟ್ಟು ದಂಡ ಹೊಡೀರಿ, ತಿಂಗಳು ತಿಂಗಳು ಮರಳು ಏರಿಸಿ. ಬರೀ ಮೈಯಲ್ಲಿ ಐನೂರು ಬಸ್ಕಿ ಹೊಡೆದ್ರೆ ದಮ್ಮು ಬರುತ್ತೆ, ತೊಡೆ ಅಷ್ಟಾಗಿ ಬೆಳೆಯಲ್ಲ. ನಮ್ಮ ಬೇಸಿಗೆಯಲ್ಲಿ ಬಿಸಿಲೇರೋ ಮೊದಲೇ ಮುಗಿಸಿ. ಏಳೆಂಟು ಗಂಟೆ ನಿದ್ದೆ ಮಾಡಿ. ಅಪ್ಪು ಹೋದ 2021ರ ಅಕ್ಟೋಬರ್ ಆದಮೇಲೆ ಮನೆಗಳಲ್ಲಿ ಜಿಮ್ ಅಂದ್ರೇನೇ ಭಯ. ಅದಕ್ಕೆ ಮದ್ದು ಜಿಮ್ ಬಿಡೋದಲ್ಲ, ಶುರು ಮಾಡೋ ಮೊದಲು ಬಿಪಿ, ಶುಗರ್ ನೋಡಿಸಿ ಡಾಕ್ಟರ ಹತ್ತಿರ ಒಂದು ಮಾತು ಕೇಳೋದು.

ಕೊಬ್ಬು ಏರ್ತಿದೆಯೋ ಸ್ನಾಯು ಏರ್ತಿದೆಯೋ ಗೊತ್ತಾಗೋದು ಹೇಗೆ? ಟೇಪ್! ಜೀನ್ಸ್ ಹೊಲಿಯೋ ಊರಲ್ಲಿ ಟೇಪಿಗೆ ಬರವೇ? ವಾರಕ್ಕೊಮ್ಮೆ ಬೆಳಿಗ್ಗೆ ಹೊಕ್ಕುಳ ಮಟ್ಟದಲ್ಲಿ ಸೊಂಟ ಅಳೀರಿ, ತೂಕ ನೋಡಿ. ವಾರಕ್ಕೆ 150-300 ಗ್ರಾಂ ಏರಿ ಸೊಂಟ ಅಲ್ಲೇ ನಿಂತಿದ್ರೆ ಸರಿ ದಾರಿ. ಸೊಂಟವೂ ಜೊತೆಗೇ ಓಡ್ತಿದ್ರೆ ಊಟ ಸ್ವಲ್ಪ ತಗ್ಗಿಸಿ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಅಪಾಯದ ಗಂಟೆ. ನನ್ನ ನೋಟ್‌ಬುಕ್ ಹೇಳೋ ಪ್ರಕಾರ 16 ವಾರಕ್ಕೆ 62ರಿಂದ 64.6 ಕಿಲೋ, ಸೊಂಟ 81ರಲ್ಲೇ ಇದೆ, ಸ್ಕ್ವಾಟ್ 40ರಿಂದ 75ಕ್ಕೆ ಬಂದಿದೆ. "ಬರೀ ಎರಡೂವರೆ ಕಿಲೋನಾ?" ಅಂತ ಮಾವನ ಮಗ ನಕ್ಕ. ನಗಲಿ ಬಿಡಿ, ಇಳಿಸೋ ಕೆಲಸ ಅವನಿಗಿದೆ, ನನಗಿಲ್ಲ :-)

ತೂಕವೇ ಶಕ್ತಿ ಅನ್ನೋರಿಗೆ ಕೊನೇದಾಗಿ ಒಂದು ಮಾತು. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಿದ್ದು 56 ಕಿಲೋ ವಿಭಾಗದಲ್ಲಿ. ಎರಡು ಎತ್ತುಗಳನ್ನ ಕೂಡಿಸಿದರೆ 249 ಕಿಲೋ! ನಮ್ಮ ಜಿಮ್ಮಿಗೆ ಆ ಮನುಷ್ಯ ಬಂದಿದ್ರೆ ಅವರಿಗೂ "ಸಣ್ಣಗ ಅದೀಯಲ್ಲಲೇ, ಬಲ್ಕ್ ಮಾಡು" ಅಂತಿದ್ದರೋ ಏನೋ.

ಬಲ್ಕ್ ಭಕ್ತರು ಬೈಯೋದಿದ್ರೆ ಧಾರಾಳವಾಗಿ ಕಾಮೆಂಟಿನಲ್ಲಿ ಬೈಯಿರಿ. ಆದರೆ ಒಂದೇ ಷರತ್ತು: ಮೊದಲು ಸೊಂಟದ ಅಳತೆ ಬರೆದು, ಆಮೇಲೆ ಬೈಗುಳ.