ಹೆಸರೂ ಋಣವೂ

ಕರಾಟೆಯೆಂದರೆ ‘ಬರಿಗೈ’ ಎಂಬ ಅರ್ಥವು ಈಗ ಲೋಕಪ್ರಸಿದ್ಧವಾಗಿದೆ. ಆದರೆ ಅದರ ತವರಾದ ಓಕಿನಾವಾ ದ್ವೀಪದಲ್ಲಿ ಹಿಂದೆ ಆ ಹೆಸರನ್ನು ‘ಚೀನದ ಕೈ’ ಎಂಬರ್ಥದ ಲಿಪಿಯಲ್ಲಿ ಬರೆಯುವುದೇ ರೂಢಿಯಾಗಿದ್ದಿತು. ಈ ವಿದ್ಯೆಯು ಚೀನಕ್ಕೆ ಋಣಿಯೆಂಬುದನ್ನು ಹೆಸರೇ ಸಾರುತ್ತಿದ್ದಿತು. ಜಪಾನಿನಲ್ಲಿ ಚೀನದ್ವೇಷವು ಬೆಳೆಯುತ್ತಿದ್ದ ಕಾಲದಲ್ಲಿ, 1936ನೆಯ ಇಸವಿಯಲ್ಲಿ, ನಾಹಾ ನಗರದಲ್ಲಿ ಸಭೆ ಸೇರಿದ ಗುರುಗಳು ‘ಬರಿಗೈ’ ಎಂಬ ಬರಹವನ್ನೇ ಅಂಗೀಕರಿಸಿದರು. ಉಚ್ಚಾರವು ಉಳಿಯಿತು, ಅರ್ಥವು ಮಾರ್ಪಟ್ಟಿತು.

ಆಯುಧವಿಲ್ಲದೆ ಕಾದುವ ವಿದ್ಯೆಗೆ ಈ ಹೆಸರು ಒಪ್ಪುವುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪರರಿಂದ ಪಡೆದುದರ ಗುರುತನ್ನು ಅಳಿಸಿಹಾಕುವುದು ದೇಶಾಭಿಮಾನವೆನಿಸಲಾರದು. ಓಕಿನಾವದವರು ಕಲಿತುದನ್ನು ತಮ್ಮದಾಗಿ ಬೆಳೆಯಿಸಿದರು. ಅವರ ಹಿರಿಮೆಗೆ ಅಷ್ಟೇ ಸಾಕಾಗಿದ್ದಿತು. ಗುರುವಿನ ಹೆಸರು ಹೇಳಲು ನಾಚುವ ಶಿಷ್ಯನು ಎಷ್ಟು ನಿಪುಣನಾದರೇನು? ನಾಡುನುಡಿಗಳ ಅಭಿಮಾನದಿಂದ ಹೆಸರುಗಳನ್ನು ತಿದ್ದಹೊರಡುವವರೆಲ್ಲರೂ ಈ ಪ್ರಶ್ನೆಯನ್ನು ಮೊದಲು ತಮಗೆ ತಾವೇ ಹಾಕಿಕೊಳ್ಳತಕ್ಕದ್ದು.