ಕನಿಷ್ಠ ವೆಚ್ಚ — ಯಾರದು?

ಲೆಕ್ಕಕ್ಕೆ ಪಕ್ಷಪಾತವಿಲ್ಲವೆಂಬ ಮಾತು ಈಚೆಗೆ ನಮ್ಮ ಸುಶಿಕ್ಷಿತರ ಬಾಯಲ್ಲಿ ಗಾದೆಯಾಗಿ ಬಿಟ್ಟಿದೆ. 2025ರ ಅಕ್ಟೋಬರ ಕೊನೆಯಿಂದ ನವೆಂಬರ ಮೊದಲ ವಾರದ ವರೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ಹಾದಿಯ ಮೇಲೆ ಕುಳಿತಿದ್ದಾಗಲೂ ಇದೇ ಮಾತು ಕೇಳಿಬಂದಿತು. ‘ಕೂಗಾಟದಿಂದೇನಾದೀತು? ಯಾವ ಹೊಲ ಯಾವ ದಿನ ಕಡಿಯಬೇಕು, ಯಾವ ಟ್ರ್ಯಾಕ್ಟರು ಯಾವ ಹಾದಿ ಹಿಡಿಯಬೇಕು, ಎಲ್ಲವನ್ನೂ ಗಣಕಯಂತ್ರಕ್ಕೆ ಒಪ್ಪಿಸಿರಿ. ವೆಚ್ಚ ತಾನಾಗಿ ಇಳಿಯುತ್ತದೆ, ಜಗಳ ತಾನಾಗಿ ಮುಗಿಯುತ್ತದೆ’ ಎಂದು ಓದಿದವರು, ಅದರಲ್ಲಿಯೂ ಊರು ಬಿಟ್ಟು ನಗರ ಸೇರಿದ ಓದಿದವರು, ಉಪದೇಶ ಮಾಡಿದರು.

ಅವರು ಹೇಳುವ ವಿದ್ಯೆಗೆ ಕನ್ನಡದಲ್ಲಿ ಕಾರ್ಯಾಚರಣ ಸಂಶೋಧನೆ ಎಂದು ಹೆಸರಿಟ್ಟಿದ್ದಾರೆ. ಕೇಳಿದರೆ ಪೋಲೀಸರು ಎಲ್ಲಿಯೋ ದಾಳಿಗೆ ಹೊರಟಂತೆ ಭಾಸವಾಗುತ್ತದೆ. ಇರಲಿ, ಹೆಸರಿಟ್ಟವರ ಮೇಲೆ ನನಗೆ ಸಿಟ್ಟಿಲ್ಲ, ವಿದ್ಯೆಯ ಮೇಲಂತೂ ಇಲ್ಲವೇ ಇಲ್ಲ. ನನ್ನ ತಕರಾರು ಒಂದೇ ಒಂದು ವಾಕ್ಯದೊಡನೆ: ‘ಈ ಪದ್ಧತಿಯಿಂದ ವೆಚ್ಚವನ್ನು ಕನಿಷ್ಠಗೊಳಿಸಲಾಗುತ್ತದೆ.’ ಕಾಲೇಜಿನಲ್ಲಿ ವ್ಯಾಕರಣ ಕಲಿಸುತ್ತ ಬಂದವನ ಕಣ್ಣಿಗೆ ಈ ವಾಕ್ಯದ ಊನ ಮೊದಲು ಬೀಳುತ್ತದೆ. ಇದಕ್ಕೆ ಕರ್ತೃವಿಲ್ಲ, ಕರ್ಮಣಿ ಪ್ರಯೋಗದ ಮುಸುಕಿನೊಳಗೆ ಅವನು ಅಡಗಿ ಕುಳಿತಿದ್ದಾನೆ. ವೆಚ್ಚಕ್ಕೆ ಷಷ್ಠೀ ವಿಭಕ್ತಿಯೂ ಇಲ್ಲ. ಯಾರ ವೆಚ್ಚ? ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ ಹೀಗೆ ಬರೆದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇವೆ. ದೊಡ್ಡವರು ಬರೆದರೆ ಶಾಸ್ತ್ರವೆಂದು ಕೈಮುಗಿಯುತ್ತೇವೆ.

ಈ ವಿದ್ಯೆ ಬೆಳೆದದ್ದು ಎರಡನೆಯ ಮಹಾಯುದ್ಧದಲ್ಲಿ. ಬ್ರಿಟಿಷ್ ನೌಕಾಪಡೆಗೆ ಸಲಹೆಗಾರನಾಗಿದ್ದ ಭೌತವಿಜ್ಞಾನಿ ಬ್ಲಾಕೆಟ್ ಮತ್ತು ಆತನ ಸಂಗಡಿಗರು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗುತ್ತಿದ್ದ ಹಡಗುಗಳ ಲೆಕ್ಕ ಹಿಡಿದು ಕುಳಿತರು. ಹಡಗುಗಳ ಗುಂಪು ಚಿಕ್ಕದಿದ್ದರೆ ಕ್ಷೇಮವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಗುಂಪು ದೊಡ್ಡದಿದ್ದಷ್ಟೂ ನಷ್ಟದ ಪ್ರಮಾಣ ಕಡಿಮೆಯೆಂದು ಅವರು ಅಂಕಿಗಳಿಂದ ತೋರಿಸಿದರು. ಹಡಗುಗಳು ದುಪ್ಪಟ್ಟಾದರೆ ಕಾವಲು ಕಾಯಬೇಕಾದ ಸುತ್ತಳತೆ ದುಪ್ಪಟ್ಟಾಗುವುದಿಲ್ಲ, ಅಷ್ಟೇ ಮರ್ಮ. ನಿಜಕ್ಕೂ ಮೆಚ್ಚತಕ್ಕ ಬುದ್ಧಿವಂತಿಕೆ. ಆದರೆ ವಾಚಕರು ಒಂದು ಸಂಗತಿ ಗಮನಿಸಬೇಕು. ಹಡಗಿನ ಯಜಮಾನ, ಒಳಗಿನ ಕಲಾಸಿ, ದಡದಲ್ಲಿ ಗೋದಿಗಾಗಿ ಕಾದಿದ್ದ ತಾಯಿ, ಈ ಎಲ್ಲರಿಗೂ ಬೇಕಾಗಿದ್ದುದು ಒಂದೇ: ಹಡಗು ಮುಟ್ಟಬೇಕು. ಅಲ್ಲಿ ಷಷ್ಠೀ ವಿಭಕ್ತಿ ಬರೆಯದಿದ್ದರೂ ನಡೆಯುತ್ತಿತ್ತು, ಏಕೆಂದರೆ ನಷ್ಟ ಎಲ್ಲರದಾಗಿತ್ತು. ಅದೇ ಲೆಕ್ಕವನ್ನು ಕೊಡುವವ-ಕೊಳ್ಳುವವರ ನಡುವೆ ತಂದಿಟ್ಟು, ಇಲ್ಲಿಯೂ ಎಲ್ಲರ ಗುರಿ ಒಂದೇ ಎಂಬಂತೆ ನಟಿಸಿದರೆ ಅದು ಗಣಿತವಾಗಿ ಉಳಿಯುವುದಿಲ್ಲ.

ಈಗ ನಮ್ಮ ಸಕ್ಕರೆ ಕಾರ್ಖಾನೆಗಳ ಬಾಗಿಲಿಗೆ ಬನ್ನಿರಿ. ಘಟಪ್ರಭೆಯ ನೀರು ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಹೊಲಗಳಲ್ಲಿ ಜೋಳಕ್ಕಿಂತ ಕಬ್ಬೇ ಕಣ್ಣಿಗೆ ರಾಚುತ್ತದೆ. ಹಂಗಾಮಿನಲ್ಲಿ ಯಾವ ಕಾರ್ಖಾನೆಯ ಮುಂದೆ ನಿಂತರೂ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು. ‘ಎಷ್ಟೊತ್ತಾತೋ ತಮ್ಮಾ ಬಂದು?’ ಎಂದು ಚಾಲಕನನ್ನು ಕೇಳಿದರೆ, ‘ನಿನ್ನೆ ರಾತ್ರಿ ಬಂದೇನ್ರಿ ಸರ, ಇನ್ನೂ ಪಾಳಿ ಹತ್ತಿಲ್ಲ’ ಎನ್ನುತ್ತಾನೆ. ಇದನ್ನು ಕಂಡ ಪೇಟೆಯ ಪಂಡಿತರು ‘ನೋಡಿರಿ, ಯೋಜನೆಯಿಲ್ಲ’ ಎಂದು ಮರುಗುತ್ತಾರೆ. ನಾನಾದರೋ, ಯೋಜನೆ ಇದೆ, ಚೆನ್ನಾಗಿಯೇ ಇದೆ, ಆ ಸಾಲೇ ಯೋಜನೆ ಎನ್ನುತ್ತೇನೆ.

ಹೇಗೆಂದರೆ: ಕಾರ್ಖಾನೆಯ ಅರೆಯುವ ಯಂತ್ರ ಒಮ್ಮೆ ನಿಂತರೆ ನಷ್ಟ ದೊಡ್ಡದು. ಅದು ಹಗಲಿರುಳೂ ನಡೆಯಬೇಕಾದರೆ ಬಾಗಿಲಲ್ಲಿ ಸದಾ ಕಬ್ಬು ನಿಂತಿರಬೇಕು. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಎರ್ಲಾಂಗನೆಂಬ ಗಣಿತಜ್ಞ 1909ರಷ್ಟು ಹಿಂದೆಯೇ ಇಂಥ ಸರದಿಯ ಶಾಸ್ತ್ರಕ್ಕೆ ತಳಹದಿ ಹಾಕಿದ್ದಾನೆ. ಅದರ ಅತಿ ಸರಳ ಮಾದರಿಯನ್ನೇ ತೆಗೆದುಕೊಳ್ಳೋಣ. ಗಾಡಿಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ. ಒಂದನ್ನು ಇಳಿಸಲು ಹೆಚ್ಚುಕಡಿಮೆಯಾಗುತ್ತ ಸರಾಸರಿ 10 ನಿಮಿಷ ಹಿಡಿಯುತ್ತದೆ. ಇಳಿಸುವ ಯಂತ್ರ ನೂರಕ್ಕೆ 80 ಪಾಲು ಹೊತ್ತು ದುಡಿಯುವಂತಿದ್ದರೆ ಗಾಡಿ ಕಾಯುವುದು ಸರಾಸರಿ 40 ನಿಮಿಷ. 95 ಪಾಲು ದುಡಿಯಬೇಕೆಂದರೆ 190 ನಿಮಿಷ. 99 ಪಾಲು ಎಂದಿರೋ, 990 ನಿಮಿಷ, ಅಂದರೆ ಹದಿನಾರೂವರೆ ತಾಸು! ಯಂತ್ರದ ಬಿಡುವು ಕೊನೆಯ ನಾಲ್ಕು ಪಾಲು ಕಡಿಮೆಯಾಗಲು ಗಾಡಿಯ ಕಾಯುವಿಕೆ ಐದು ಪಟ್ಟು ಹೆಚ್ಚಿತು. ಯಂತ್ರಕ್ಕೆ ಬಿಡುವಿಲ್ಲದಂತೆ ಮಾಡುವ ವಿಮೆಯ ಕಂತನ್ನು ಬೇರೆ ಯಾರೋ ತುಂಬುತ್ತಿದ್ದಾರೆ.

ಯಾರೆಂಬುದು ಗುಟ್ಟಿನ ಮಾತಲ್ಲ. ಕಬ್ಬು ಕಲ್ಲಲ್ಲ. ಕಡಿದ ಗಳಿಗೆಯಿಂದಲೇ ಅದರ ನೀರು ಆರಲು ತೊಡಗುತ್ತದೆ, ತೂಕ ಇಳಿಯುತ್ತದೆ. ಒಳಗಿನ ಸಕ್ಕರೆಯೂ ಒಡೆದು ಹರಳುಗಟ್ಟದ ಬೇರೆ ಸಕ್ಕರೆಯಾಗುತ್ತದೆ. ಬಿಸಿಲೇರಿದ ಫೆಬ್ರುವರಿ-ಮಾರ್ಚಿನಲ್ಲಿ ಇದು ಇನ್ನೂ ತ್ವರೆ. ರೈತನಿಗೆ ಹಣ ಬರುವುದು ಹೊಲದಲ್ಲಿದ್ದ ತೂಕಕ್ಕಲ್ಲ, ಕಾಟಾದ ಮೇಲೆ ಹತ್ತಿದ ತೂಕಕ್ಕೆ. ಕಾಟಾದ ಈಚೆಗೆ ಆರಿದ್ದು ರೈತನ ಪಾಲು, ಆಚೆಗೆ ಆರಿದ್ದು ಕಾರ್ಖಾನೆಯ ಪಾಲು. ಸಾಲು ನಿಂತಿರುವುದು ಎಲ್ಲಿಯೆಂದು ನಾನು ಹೇಳಬೇಕಾಗಿಲ್ಲ. ಸಕ್ಕರೆಯ ಇಳುವರಿ ಕುಗ್ಗಿದರೆ ಕಾರ್ಖಾನೆಗೂ ತಟ್ಟುತ್ತದೆ, ಒಪ್ಪುತ್ತೇನೆ. ಆದರೆ ಅದು ಯಂತ್ರ ನಿಂತ ನಷ್ಟದ ಮುಂದೆ ಸಣ್ಣದು. ಮೇಲಾಗಿ ದರವನ್ನು ಇಳುವರಿಗೇ ಗಂಟುಹಾಕಿದ್ದರಿಂದ ಅದರಲ್ಲಿಯೂ ರೈತನದೊಂದು ಪಾಲಿದೆ. ಕಡಿಯುವ ಟೋಳಿಯವರಿಗೆ ಕೂಲಿ ಟನ್ನಿನ ಲೆಕ್ಕದಲ್ಲಿ. ಗಾಡಿ ಮರಳಿ ಬಾರದೆ ಹೊಲದಲ್ಲಿ ಕುಳಿತ ಹೊತ್ತಿಗೆ ಅವರಿಗೆ ಬಿಡಿಗಾಸಿಲ್ಲ. ಚಾಲಕನ ನಿದ್ದೆಯನ್ನಂತೂ ಯಾವ ಖಾತೆಯಲ್ಲಿಯೂ ಬರೆಯುವುದಿಲ್ಲ.

ಹಿಂದೆ ಬೆಲ್ಲದ ಗಾಣಗಳಿದ್ದಾಗ ಮುಂಜಾನೆ ಕಡಿದ ಕಬ್ಬು ಸಂಜೆಗೆ ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಆಗಿನವರಿಗೆ ಸರದಿಶಾಸ್ತ್ರ ತಿಳಿದಿರಲಿಲ್ಲ. ಕಡಿದವನೂ ಅರೆಸಿದವನೂ ಒಬ್ಬನೇ ಆಗಿದ್ದ. ಕಬ್ಬು ಆರಿದ ನಷ್ಟವೂ ಗಾಣ ನಿಂತ ನಷ್ಟವೂ ಒಂದೇ ಕಿಸೆಯಿಂದ ಹೋಗುತ್ತಿದ್ದವು. ‘ಹಾಗಾದರೆ ಸಹಕಾರಿ ಕಾರ್ಖಾನೆಗಳಲ್ಲಿ ರೈತನೇ ಒಡೆಯನಲ್ಲವೇ?’ ಎಂದು ಕೇಳುವವರಿದ್ದಾರೆ. ಕಾಗದದ ಮೇಲೆ ಒಡೆಯನೇ. ಆದರೆ ಯಂತ್ರ ನಿಂತ ನಿಮಿಷಗಳಿಗೆ ಒಂದು ಪುಸ್ತಕವಿಟ್ಟು, ಕಬ್ಬು ನಿಂತ ತಾಸುಗಳಿಗೆ ಪುಸ್ತಕವಿಡದಿದ್ದರೆ ಒಡೆತನ ಬದಲಾಗಿಯೂ ಲೆಕ್ಕ ಬದಲಾಗುವುದಿಲ್ಲ.

ಸಾಗಾಣಿಕೆಯ ಮಾತು ಇನ್ನೂ ಸೋಜಿಗದ್ದು. ಕೇಂದ್ರ ಸರಕಾರ ಗೊತ್ತುಮಾಡುವ ದರ ಕಾರ್ಖಾನೆಯ ಬಾಗಿಲಿಗೆ ಮುಟ್ಟಿಸಿದ ಕಬ್ಬಿನದು. ನಮ್ಮ ಕಡೆ ಟೋಳಿಯನ್ನೂ ಗಾಡಿಯನ್ನೂ ಗೊತ್ತುಮಾಡುವುದು ಕಾರ್ಖಾನೆ. ಆ ಖರ್ಚನ್ನು ಮುರಿದುಕೊಳ್ಳುವುದು ರೈತನ ಬಿಲ್ಲಿನಲ್ಲಿ. ಗುರ್ಲಾಪುರದಲ್ಲಿ ಕೇಳಿದ 3,500 ಆಗಲಿ, ನವೆಂಬರ 7ರಂದು ಸರಕಾರ ಸಾರಿದ 3,300 ಆಗಲಿ, ಕಟಾವು-ಸಾಗಾಣಿಕೆಯ ಖರ್ಚು ಹೊರತಾಗಿ ಎಂಬ ಮಾತನ್ನು ಅಂಟಿಸಿಕೊಂಡೇ ಬಂದದ್ದು ಇದಕ್ಕಾಗಿಯೇ. ಹಾದಿ ಆರಿಸುವವನು ಒಬ್ಬ, ಹಾದಿಖರ್ಚು ಕೊಡುವವನು ಇನ್ನೊಬ್ಬ. ಒಂದು ಕಾರ್ಖಾನೆಗೆ ಹೊರಟ ಕಬ್ಬು ಇನ್ನೊಂದರ ಬಾಗಿಲ ಮುಂದೆಯೇ ಹಾಯ್ದು ಹೋಗುವ ನೋಟ ನಮಗೆ ಹೊಸದಲ್ಲ. ಅಲ್ಲಿಂದ ಇಲ್ಲಿಗೆ ಬರುವ ಗಾಡಿ ಎದುರಾದರೆ ಚಾಲಕರಿಬ್ಬರೂ ಕೈ ಬೀಸುತ್ತಾರೆ! ಯಾವ ಊರಿನ ಸರಕು ಯಾವ ಊರಿಗೆ ಹೋದರೆ ಒಟ್ಟು ಸಾಗಾಟ ಕಡಿಮೆ ಎಂಬ ಪ್ರಶ್ನೆಯನ್ನು ಹಿಚ್‌ಕಾಕ್ ಎಂಬವನು 1941ರಲ್ಲಿಯೇ ಗಣಿತಕ್ಕಿಳಿಸಿದ್ದಾನೆ. ಜಿಲ್ಲೆಯ ಎಲ್ಲ ಹೊಲ, ಎಲ್ಲ ಕಾರ್ಖಾನೆಗಳನ್ನು ಒಂದೇ ಹಾಳೆಯ ಮೇಲಿಟ್ಟು ಆ ಲೆಕ್ಕ ಮಾಡಿದರೆ ಇಂಥ ಎದುರುಬದುರು ಸಾಗಾಟ ಮೊದಲ ದಿನವೇ ಅಳಿಸಿಹೋಗುತ್ತದೆ. ಆದರೆ ಪ್ರತಿಯೊಂದು ಕಾರ್ಖಾನೆಯೂ ತನ್ನ ಹಾಳೆಯನ್ನು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಗಣಕಯಂತ್ರಕ್ಕೆ ಒಪ್ಪಿಸಿರಿ ಎನ್ನುವ ಪಂಡಿತರು ಈ ಹಾಳೆಗಳನ್ನು ಕೂಡಿಸಿರೆಂದು ಹೇಳಿದ್ದನ್ನು ನಾನು ಕೇಳಿಲ್ಲ.

ಗಣಿತದ ಅಧ್ಯಾಪಕ ಮಿತ್ರರೊಬ್ಬರು ನನ್ನ ಮೇಲೆ ಹರಿಹಾಯ್ದರು: ‘ಶಾಸ್ತ್ರವನ್ನೇಕೆ ಬೈಯುತ್ತೀರಿ? ರೈತನ ಕಾಯುವಿಕೆಯನ್ನೂ ಸೇರಿಸೆಂದರೆ ಸೇರಿಸುತ್ತೇವೆ, ಒಂದು ಸಾಲು ಹೆಚ್ಚು ಬರೆದರಾಯಿತು.’ ನಾನು ಹೇಳುವುದೂ ಅದನ್ನೇ. ಆ ಸಾಲನ್ನು ಸೇರಿಸೆಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ? 1939ರಲ್ಲಿ ಲೆನಿನ್‌ಗ್ರಾಡಿನ ಪ್ಲೈವುಡ್ ಕಾರ್ಖಾನೆಯವರು ಕೇಳಿದ ಸಮಸ್ಯೆಯಿಂದ ಹೊರಟು ಕಾಂಟೊರೊವಿಚ್ ಕಂಡುಕೊಂಡದ್ದು ಇದು: ಲೆಕ್ಕದೊಳಗೆ ಬರೆದ ಪ್ರತಿಯೊಂದು ಕೊರತೆಗೂ ಒಂದು ನೆರಳುಬೆಲೆ ಹುಟ್ಟುತ್ತದೆ, ಒಂದು ತಾಸು, ಒಂದು ಹಲಗೆ ಹೆಚ್ಚು ಸಿಕ್ಕರೆ ಎಷ್ಟು ಲಾಭವೆಂದು ಅದು ಹೇಳುತ್ತದೆ. ಬರೆಯದೆ ಬಿಟ್ಟದ್ದಕ್ಕೆ ಬೆಲೆ ಸೊನ್ನೆ. ಸೊನ್ನೆ ಬೆಲೆಯ ವಸ್ತುವನ್ನು ಯಾವ ಜಾಣ ಲೆಕ್ಕವೂ ಮನಬಂದಂತೆ ಸೂರೆಮಾಡುತ್ತದೆ. ಜಾಣತನ ಹೆಚ್ಚಿದಷ್ಟೂ ಸೂರೆಯೂ ಹೆಚ್ಚು.

ಕಾಯಿದೆಗೆ ಈ ಸಂಗತಿ ತಿಳಿಯದೆಂದಲ್ಲ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ಮುಟ್ಟಿದ 14 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ. ಅದು ಎಷ್ಟರ ಮಟ್ಟಿಗೆ ಕೈಗೆ ಬರುತ್ತದೆಂಬುದು ಬೇರೆ ಪುರಾಣ; ಕಾಯುವಿಕೆಗೆ ಬೆಲೆಯುಂಟೆಂದು ಬರವಣಿಗೆಯಲ್ಲಿ ಒಪ್ಪಿಕೊಂಡಂತಾಯಿತಲ್ಲ. ಆದರೆ ಆ ಕಲಮು ಎಣಿಸುವುದು ಹಣ ಕಾದ ದಿನಗಳನ್ನು; ಕಬ್ಬು ಕಾದ ತಾಸುಗಳನ್ನಲ್ಲ. ಕಡಿದ ದಿನ, ತಾಸುಗಳನ್ನು ಹೊಲದಲ್ಲಿಯೇ ಚೀಟಿಯ ಮೇಲೆ ಬರೆಯಲಿ. ಕಾಟಾಕ್ಕೆ ಹತ್ತಿದ ತಾಸನ್ನು ಅದರ ಪಕ್ಕದಲ್ಲಿ ಬರೆಯಲಿ. ಗೊತ್ತುಮಾಡಿದ ಅವಧಿ ಮೀರಿ ಕಾಯಿಸಿದ ಪ್ರತಿ ತಾಸಿಗೂ ಇಷ್ಟು ಕಿಲೋ ಎಂದು ತೂಕಕ್ಕೆ ಕೂಡಿಸಿ ಕೊಡಲಿ. ಆಗ ಬೇಕಾದರೆ ಜಗತ್ತಿನ ಎಲ್ಲ ಗಣಕಯಂತ್ರಗಳನ್ನೂ ತಂದು ಕಾರ್ಖಾನೆಯ ಬಾಗಿಲಲ್ಲಿ ಕೂಡಿಸಿರಿ. ಮೊದಲ ಹಂಗಾಮಿನಲ್ಲಿಯೇ ಆ ಸಾಲು ಎಷ್ಟು ಉದ್ದ ಉಳಿಯುತ್ತದೆಂದು ನೋಡೋಣ.