ಪೈಠಣದಿಂದ ಅರಬ್ ದೇಶ ಎಷ್ಟು ದೂರ?

ಪೈಠಣ ಅಂದ ಕೂಡಲೇ ನಮ್ಮವರಿಗೆ ನೆನಪಾಗೋದು ಎರಡೇ. ಒಂದು ಪೈಠಣಿ ಸೀರೆ, ಇನ್ನೊಂದು ಸಂತ ಏಕನಾಥ. ಸ್ವಲ್ಪ ಓದಿಕೊಂಡವರಾದರೆ ಶಾತವಾಹನರ ಪ್ರತಿಷ್ಠಾನ ಇದೇ ಅಲ್ವಾ ಅಂತಾರೆ. ಈ ಊರನ್ನೂ ಅರಬ್ ದೇಶಗಳನ್ನೂ ಒಂದೇ ಉಸಿರಲ್ಲಿ ಹೇಳಿದರೆ ಮಾತ್ರ "ಏನ್ರೀ, ಎಲ್ಲಿಂದ ಎಲ್ಲಿಗೆ ಗಂಟು ಹಾಕ್ತೀರಿ?" ಅಂತ ನಗ್ತಾರೆ.

ಗಂಟು ಹಾಕಿದ್ದು ನಾನಲ್ಲ ಸ್ವಾಮಿ. ಕ್ರಿ.ಶ. ಒಂದನೇ ಶತಮಾನದಲ್ಲೇ ಯಾರೋ ಹಾಕಿಟ್ಟಿದ್ದಾರೆ. ಈಜಿಪ್ಟಿನಲ್ಲಿದ್ದ, ಹೆಸರು ಹೇಳಿಕೊಳ್ಳದ ವರ್ತಕನೊಬ್ಬ ಗ್ರೀಕ್ ಭಾಷೆಯಲ್ಲಿ ಬರೆದ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಅನ್ನೋ ಕೈಪಿಡಿ ಇದೆ. ಅದರಲ್ಲಿ ಯೆಮನ್ ತೀರದ ಮುಜಾ ಬಂದರಿನ ಮಾತು ಬರುತ್ತೆ. ಊರ ತುಂಬ ಅರಬ್ ಹಡಗಿನ ಮಾಲೀಕರು, ನಾವಿಕರು. ತಮ್ಮದೇ ಹಡಗುಗಳಲ್ಲಿ ಬರುಗಜಕ್ಕೆ, ಅಂದರೆ ಇವತ್ತಿನ ಭರೂಚ್‌ಗೆ ವ್ಯಾಪಾರಕ್ಕೆ ಹೋಗ್ತಾರಂತೆ. ಅದೇ ಪುಸ್ತಕದಲ್ಲಿ ಮುಂದೆ ನಮ್ಮ ಪೈಠಣ ಬರುತ್ತೆ. ಬರುಗಜದಿಂದ ದಕ್ಷಿಣಕ್ಕೆ 20 ದಿನದ ದಾರಿ. ಅಲ್ಲಿಂದ ಪೂರ್ವಕ್ಕೆ 10 ದಿನ ನಡೆದರೆ ತಗರ, ಈಗಿನ ಧಾರಾಶಿವ ಜಿಲ್ಲೆಯ ತೇರ್. ಪೈಠಣದಿಂದ ಓನಿಕ್ಸ್ ಕಲ್ಲು, ತಗರದಿಂದ ಥರಾವರಿ ಬಟ್ಟೆ, ಎಲ್ಲವೂ ರಸ್ತೆಯೇ ಇಲ್ಲದ ಸೀಮೆಗಳನ್ನು ದಾಟಿ ಗಾಡಿಗಳ ಮೇಲೆ ಬಂದರಿಗೆ ಹೋಗ್ತಿತ್ತು. ಪೈಠಣದ ಹಳೇ ದಿಬ್ಬಗಳ ಹತ್ತಿರ ನಿಂತಾಗಲೆಲ್ಲ ನನಗೆ ಆ ಗಾಡಿಗಳೇ ಕಣ್ಣಮುಂದೆ ಬರುತ್ತವೆ.

ಇನ್ನು ನಮ್ಮದೇ ಕಥೆಗೆ ಬನ್ನಿ. ಪೈಠಣ ಇರೋದು ಗೋದಾವರಿಯ ಉತ್ತರ ದಡದಲ್ಲಿ. ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯನ್ನ ಕಾವೇರಿಯಿಂದ ಗೋದಾವರಿಯವರೆಗೆ ಎಳೆದಿದ್ದು ನಿಮಗೆಲ್ಲ ಗೊತ್ತೇ ಇದೆ. ಆ ಲೆಕ್ಕದಲ್ಲಿ ಪೈಠಣದ ಘಾಟಿನ ಮೇಲೆ ಕೂತರೆ ಎದುರಿಗೆ ಕಾಣೋ ದಡ ಶ್ರೀವಿಜಯನ ಕನ್ನಡ ನಾಡು! (ಇದನ್ನ ಇಲ್ಲಿನ ಮರಾಠಿ ಗೆಳೆಯರ ಮುಂದೆ ಜೋರಾಗಿ ಹೇಳೋ ಧೈರ್ಯ ಇನ್ನೂ ಮಾಡಿಲ್ಲ.) ರಾಷ್ಟ್ರಕೂಟ ಮುಮ್ಮಡಿ ಗೋವಿಂದನ 794ರ ತಾಮ್ರಪಟ ಸಿಕ್ಕಿದ್ದೂ ಈ ಪೈಠಣದಲ್ಲೇ. ಅವನ ಮಗ ಅಮೋಘವರ್ಷ ನೃಪತುಂಗ. ಮಾನ್ಯಖೇಟದಲ್ಲಿ ಅವನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದ್ದು ಸುಮಾರು 850ರಲ್ಲಿ. ಸರಿಯಾಗಿ ಅದೇ ಹೊತ್ತಿಗೆ, 851ರಲ್ಲಿ, ಅರಬ್ಬಿಯಲ್ಲಿ ಚೀನ ಮತ್ತು ಹಿಂದ್ ದೇಶಗಳ ಸುದ್ದಿ ಹೇಳೋ ಒಂದು ಪುಸ್ತಕ ತಯಾರಾಯಿತು. ವರ್ತಕ ಸುಲೈಮಾನನ ಹೆಸರಲ್ಲಿ ಪ್ರಸಿದ್ಧವಾಗಿರೋದು ಅದೇ. ಜಗತ್ತಿನ ನಾಲ್ಕು ದೊಡ್ಡ ದೊರೆಗಳು ಯಾರು ಅನ್ನೋದಕ್ಕೆ ಅದು ಕೊಡೋ ಪಟ್ಟಿ: ಅರಬ್ಬರ ಖಲೀಫ, ಚೀನದ ಅರಸ, ರೂಮಿನ ಅರಸ, ಆಮೇಲೆ ಬಲ್ಹರಾ. ಈ ಬಲ್ಹರಾ ಅಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ ದೊರೆ.

ಅದರಲ್ಲಿ ಇನ್ನೊಂದು ಸೊಗಸಾದ ಮಾತಿದೆ. ಬಲ್ಹರಾನಷ್ಟು ಅರಬ್ಬರನ್ನ ಪ್ರೀತಿಸೋ ದೊರೆ ಬೇರೆ ಇಲ್ಲ, ಅರಬ್ಬರ ಮೇಲಿನ ಈ ವಿಶ್ವಾಸದಿಂದಲೇ ತಮ್ಮ ದೊರೆಗಳು ಬಹುಕಾಲ ಬಾಳಿ ಆಳ್ತಾರೆ ಅಂತ ಅಲ್ಲಿನ ಜನ ನಂಬಿದ್ದಾರಂತೆ. ಅಮೋಘವರ್ಷ ಅರವತ್ತಕ್ಕೂ ಹೆಚ್ಚು ವರ್ಷ ಆಳಿದ್ದೇನೋ ನಿಜ! ಆದರೆ ಅದೇ ಪುಸ್ತಕ ಗುರ್ಜರರ ದೊರೆಯನ್ನ ಅರಬ್ಬರ ವೈರಿ ಅನ್ನುತ್ತೆ. ಸರಕು ಇಳಿಸೋಕೆ ಬಿಟ್ಟವನು ಧರ್ಮಾತ್ಮ, ಬಿಡದವನು ದುಷ್ಟ. ವ್ಯಾಪಾರಿಯ ಕಣ್ಣೇ ಹಾಗೆ. ನಮ್ಮ ಇತಿಹಾಸದ ಪುಸ್ತಕಗಳು ಮೊದಲನೇ ಭಾಗವನ್ನಷ್ಟೇ ಹೇಳಿ ಮೀಸೆ ತಿರುವುತ್ತವೆ. ಎರಡೂ ಸೇರಿಸಿ ಓದಬೇಕು.

ವ್ಯಾಪಾರಿಯ ಕಣ್ಣಿಗೂ ವಿದ್ವಾಂಸನ ಕಣ್ಣಿಗೂ ಇರೋ ವ್ಯತ್ಯಾಸ ನೋಡಬೇಕಾದರೆ ಬಾಗ್ದಾದಿನ ಅಲ್-ಮಸೂದಿಯನ್ನ ಓದಬೇಕು. ಹಿಜರಿ 304ರಲ್ಲಿ, ಅಂದರೆ 916-17ರ ಸುಮಾರಿಗೆ, ಆತ ಬಲ್ಹರಾನ ರಾಜ್ಯದ ಸೈಮೂರಿಗೆ (ಕೊಂಕಣದ ಚೌಲ್) ಬಂದಿದ್ದ. ಅಲ್ಲಿ ಸಿರಾಫ್, ಓಮನ್, ಬಸ್ರಾ, ಬಾಗ್ದಾದ್ ಕಡೆಯಿಂದ ಬಂದು ನೆಲೆಸಿದವರೂ ಇಲ್ಲೇ ಹುಟ್ಟಿದವರೂ ಸೇರಿ ಸುಮಾರು 10,000 ಮುಸ್ಲಿಮರಿದ್ದರು ಅಂತ ಬರೀತಾನೆ. ಇಷ್ಟಕ್ಕೇ ನಿಲ್ಲಿಸೋದಿಲ್ಲ, ಕರಾವಳಿಯಲ್ಲಿ ಯಾವ ಭಾಷೆ, ರಾಜಧಾನಿ 'ಮಾನ್ಕೀರ್'ನಲ್ಲಿ ಯಾವ ಭಾಷೆ ಅಂತ ಬೇರೆ ಬೇರೆ ಹೇಳ್ತಾನೆ. ರಾಜಧಾನಿಯಲ್ಲಿ ಆಡೋದು 'ಕೀರಿಯ' ಅಂತೆ. ಅದು ಕನ್ನಡವೇ ಅಂತ ಕೆಲವು ವಿದ್ವಾಂಸರ ಊಹೆ. ಇದನ್ನ ಮೊದಲ ಸಲ ಓದಿದಾಗ ಪರವೂರಲ್ಲಿ ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಗಿತ್ತು.

ಚಿಂಚಣಿಯಲ್ಲಿ ಸಿಕ್ಕ 926ರ ತಾಮ್ರಪಟವನ್ನೂ ಹೇಳಿಬಿಡ್ತೀನಿ. ರಾಷ್ಟ್ರಕೂಟರ ಕೈಕೆಳಗೆ ಸಂಜಾಣ ಸೀಮೆಯನ್ನ ಆಳ್ತಿದ್ದವನು ಮಧುಮತಿ ಅನ್ನೋ 'ತಾಜಿಕ', ಅಂದರೆ ಅರಬ. ಮಹಮ್ಮದ್ ಅನ್ನೋ ಹೆಸರೇ ಸಂಸ್ಕೃತದ ಬಾಯಲ್ಲಿ ಮಧುಮತಿ ಆಗಿದೆ ಅಂತಾರೆ. ಅವನ ಆಡಳಿತದಲ್ಲಿ ಹೊಳೆ ದಾಟೋಕೆ ಪುಕ್ಕಟೆ ದೋಣಿ ಇತ್ತು, ಅನ್ನಛತ್ರ ಇತ್ತು, ದೇವಿಯ ಮಠಕ್ಕೆ ದತ್ತಿಯೂ ಸಿಕ್ಕಿತು. ಯಾವ ಪಕ್ಷದವರ ಭಾಷಣಕ್ಕೂ ಇದು ಸಲೀಸಾಗಿ ಒಗ್ಗೋದಿಲ್ಲ, ಅದಕ್ಕೇ ನನಗಿಷ್ಟ.

ಇಷ್ಟೆಲ್ಲ ಹಳೇ ಪುರಾಣ ಯಾಕೆ ಅಂದರೆ, ಇಷ್ಟು ಹಳೇ ನಂಟಿದ್ದೂ ಅರಬ್ ದೇಶಗಳ ಬಗ್ಗೆ ಇವತ್ತು ಕನ್ನಡದಲ್ಲಿ ನಮಗೆ ಸಿಗೋದೇನು ನೋಡಿ. ಬಾಂಬು, ಚಿನ್ನದ ರೇಟು, ಪೆಟ್ರೋಲ್ ರೇಟು, ಹಜ್ ವಿಮಾನ, ಶೇಖರ ಕಾರು. ಲಂಡನ್ನಿನದೋ ನ್ಯೂಯಾರ್ಕಿನದೋ ಏಜೆನ್ಸಿ ಇಂಗ್ಲಿಷಿನಲ್ಲಿ ಬರೆದದ್ದನ್ನ ರಾತ್ರಿ ಪಾಳಿಯ ಉಪಸಂಪಾದಕ ಅವಸರದಲ್ಲಿ ಕನ್ನಡ ಮಾಡಿರ್ತಾನೆ. ಪಾಪ, ಅವನ ತಪ್ಪಲ್ಲ. ಇರಾನನ್ನೂ ತುರ್ಕಿಯನ್ನೂ ಅರಬ್ ದೇಶ ಅಂತ ಬರೆದದ್ದನ್ನ ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಅರಬ್ ಲೀಗಿನಲ್ಲಿ 22 ಸದಸ್ಯ ದೇಶಗಳಿವೆ, ಆ ಎರಡೂ ಅದರಲ್ಲಿಲ್ಲ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಮನೆಮಾತು ಅರಬ್ಬಿ ಅಂದರೆ ನಂಬೋಕೆ ಒಪ್ಪದವರಿದ್ದಾರೆ. 2023ರ ಅಕ್ಟೋಬರ್ ಆದಮೇಲಂತೂ ಗಾಜಾದ ಬಗ್ಗೆ ಟಿವಿಯಲ್ಲಿ ನಡೆದ ಕನ್ನಡ ಚರ್ಚೆಗಳಲ್ಲಿ ಗಾಜಾ ಬಿಟ್ಟು ಉಳಿದಿದ್ದೆಲ್ಲ ಇತ್ತು. ನಮ್ಮ ಊರಿನ ಜಗಳವನ್ನೇ ಅಲ್ಲಿಗೆ ಒಯ್ದು ಆಡಿದ ಹಾಗಿತ್ತು.

"ಇಲ್ಲಿನ ಗೋಳೇ ಹಾಸಿ ಹೊದೆಯೋಷ್ಟಿದೆ, ಅಲ್ಲಿಯದ್ದು ತಗೊಂಡು ಏನು ಮಾಡ್ಲಿ" ಅಂತೀರಾ? ಮಂಗಳೂರು, ಉಡುಪಿ, ಭಟ್ಕಳದ ಮನೆಗಳನ್ನ ಕೇಳಿ. 1990ರಲ್ಲಿ ಸದ್ದಾಂ ಕುವೈತಿಗೆ ನುಗ್ಗಿದಾಗ ಸುಮಾರು 1.7 ಲಕ್ಷ ಭಾರತೀಯರನ್ನ ವಿಮಾನದಲ್ಲಿ ಕರೆತರಬೇಕಾಯಿತು. 2011ರಲ್ಲಿ ಸೌದಿ 'ನಿತಾಖತ್' ತಂದು ಕಂಪನಿಗಳಲ್ಲಿ ಇಷ್ಟು ಜನ ಸೌದಿಗಳೇ ಇರಬೇಕು ಅಂದಾಗ ಊರಲ್ಲಿ ಅರ್ಧ ಕಟ್ಟಿದ ಮನೆಗಳ ಗತಿ ಏನಾಗಬಹುದು ಅಂತ ಲೆಕ್ಕ ಹಾಕಿದವರೆಷ್ಟೋ. ಕೆಲಸಗಾರನ ವೀಸಾವನ್ನ ಮಾಲೀಕನ ಕೈಗೆ ಕಟ್ಟೋ ಕಫಾಲಾ ಪದ್ಧತಿಯನ್ನ ಕತಾರ್ 2020ರಲ್ಲಿ, ಸೌದಿ 2021ರಲ್ಲಿ ಸಡಿಲ ಮಾಡಿದವು. ಯಾರಿಗೆ ಸಡಿಲ, ಯಾರಿಗೆ ಇಲ್ಲ? ಮನೆಗೆಲಸದವರು, ಡ್ರೈವರುಗಳು ಸೌದಿಯ ಆ ಸುಧಾರಣೆಯಿಂದ ಹೊರಗುಳಿದರು. ಏಜೆಂಟಿಗೆ ದುಡ್ಡು ಕಟ್ಟೋ ಮುಂಚೆ ಹುಡುಗನಿಗೆ ಇದು ಕನ್ನಡದಲ್ಲಿ ಗೊತ್ತಾಗಬೇಕಲ್ವಾ?

ಇದನ್ನೆಲ್ಲ ಬಿಡಿಸಿ ಹೇಳೋರು ಜಗತ್ತಿನಲ್ಲಿ ಇಲ್ಲ ಅಂತಲ್ಲ. 'ಜದಲಿಯ್ಯಾ' ಅನ್ನೋ ಪತ್ರಿಕೆ ಇದೆ. 2010ರಲ್ಲಿ ಅರಬ್ ಸ್ಟಡೀಸ್ ಇನ್ಸ್ಟಿಟ್ಯೂಟ್ ಶುರು ಮಾಡಿದ್ದು. ಬಸ್ಸಾಂ ಹದ್ದಾದ್, ಇರಾಕಿನ ಕವಿ-ಕಾದಂಬರಿಕಾರ ಸಿನಾನ್ ಅಂತೂನ್, ವಕೀಲೆ ನೂರಾ ಇರಾಕಾತ್ ಅಂಥವರು ಕಟ್ಟಿದ್ದು. ಹೆಸರಿನ ಅರ್ಥವೇ ವಾದ-ಪ್ರತಿವಾದದ ಕ್ರಮ ಅಂತ. ಅದು ಹುಟ್ಟಿದ ವರ್ಷದ ಡಿಸೆಂಬರಿನಲ್ಲೇ ಟ್ಯುನೀಸಿಯಾದ ತಳ್ಳುಗಾಡಿ ವ್ಯಾಪಾರಿ ಮಹಮ್ಮದ್ ಬುಅಜೀಜಿ ಮೈಗೆ ಬೆಂಕಿ ಹಚ್ಚಿಕೊಂಡ. ಜನವರಿಯಲ್ಲಿ ಬೆನ್ ಅಲಿ ಓಡಿಹೋದ, ಫೆಬ್ರವರಿಯಲ್ಲಿ ಮುಬಾರಕ್ ಇಳಿದ. ಅದೇ ನೆಲದ, ಅದೇ ಭಾಷೆಯ ವಿದ್ವಾಂಸರು ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಆಗಿಂದಾಗ್ಗೆ ಬರೆದರು. ಪ್ರೊಫೆಸರುಗಳು ಐದು ವರ್ಷ ಬಿಟ್ಟು ನಾಲ್ಕು ಜನಕ್ಕೆ ಹೇಳೋ ಮಾತನ್ನ ಆ ವಾರವೇ ಹೇಳಿದರು. ಲೋಪ ಇಲ್ಲದಿಲ್ಲ. ಭಾಷೆ ಕೆಲವೊಮ್ಮೆ ಕಡಲೆ ಕಬ್ಬಿಣ, ಬರೆಯೋರಲ್ಲಿ ಬಹಳ ಜನ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿರೋರು. ಅವರಿಗೊಂದು ನಿಲುವೂ ಇದೆ, ಅದನ್ನ ಮುಚ್ಚಿಡೋದಿಲ್ಲ. ಆದರೆ ಯಾವ ಅಮೀರನ ಚೀಲದಿಂದಲೂ ಅದು ನಡೆಯೋದಲ್ಲ ಅನ್ನೋದು ದೊಡ್ಡದು. ಅಲ್-ಜಜೀರಾದ ಹಿಂದೆ ಕತಾರಿನ ದುಡ್ಡು, ಅಲ್-ಅರಬಿಯಾದ ಹಿಂದೆ ಸೌದಿ ದುಡ್ಡು. 2017ರಲ್ಲಿ ಸೌದಿ ಮತ್ತು ಅದರ ಮಿತ್ರರು ಕತಾರಿಗೆ ದಿಗ್ಬಂಧನ ಹಾಕಿದಾಗ ಇಟ್ಟ ಷರತ್ತುಗಳಲ್ಲಿ ಅಲ್-ಜಜೀರಾ ಮುಚ್ಚಬೇಕು ಅನ್ನೋದೂ ಒಂದು! 851ರ ವ್ಯಾಪಾರಿಯ ಕಣ್ಣು ಇನ್ನೂ ಹೋಗಿಲ್ಲ ಅಂತ ನಾನು ಹೇಳೋದು ಇದಕ್ಕೇ.

ಕನ್ನಡದಲ್ಲಿ ಅಂಥದ್ದೊಂದು ಬೇಕು. ಬರೆಯೋರು ಯಾರು ಅಂದರೆ, ಇದ್ದಾರೆ. ನಮ್ಮ ಕರಾವಳಿಯಲ್ಲಿ, ಭಟ್ಕಳದಲ್ಲಿ, ಅರಬ್ಬಿಯನ್ನ ವರ್ಷಗಟ್ಟಲೆ ಕಲಿತ ಹುಡುಗರಿದ್ದಾರೆ. ಕೈರೋದ ಪತ್ರಿಕೆಯನ್ನ ನೇರವಾಗಿ ಓದಬಲ್ಲವರು. ಅವರನ್ನ ನಾವು ಕೇಳೋದು ರಂಜಾನ್ ಬಂದಾಗ ಒಂದು ಲೇಖನ, ಅಷ್ಟೇ. ಅರಬ್ಬಿ ಅಂದರೆ ಧರ್ಮ ಅಂತ ಅವರ ಕಡೆಯವರೂ ತಿಳಿದಿದ್ದಾರೆ, ನಮ್ಮ ಕಡೆಯವರೂ ತಿಳಿದಿದ್ದಾರೆ. ಅಲ್ಲಿನ ಕಾರ್ಮಿಕ ಕಾನೂನು, ಬಜೆಟ್ಟು, ನೀರಿನ ಜಗಳ, ಕಾದಂಬರಿ ಬಗ್ಗೆ ಬರೀರಪ್ಪ ಅಂತ ಸಂಪಾದಕರು ಕೇಳಿದ್ದು ನಾನಂತೂ ಕಂಡಿಲ್ಲ.

ಇದೂ ಈ ನೆಲಕ್ಕೆ ಹೊಸದಲ್ಲ. ಪೈಠಣದಿಂದ ಐವತ್ತು ಕಿಲೋಮೀಟರ್ ಉತ್ತರಕ್ಕೆ, ನಾನು ಮೂವತ್ತು ವರ್ಷದಿಂದ ಇರೋ ಔರಂಗಾಬಾದಿನಲ್ಲಿ (2023ರಿಂದ ಛತ್ರಪತಿ ಸಂಭಾಜಿನಗರ), ಹದಿನೆಂಟನೇ ಶತಮಾನದಲ್ಲಿ ಗುಲಾಂ ಅಲಿ ಆಜಾದ್ ಬಿಲ್‌ಗ್ರಾಮಿ ನೆಲೆಸಿದ್ದರು. ಅವಧ್ ಸೀಮೆಯ ಬಿಲ್‌ಗ್ರಾಮದಲ್ಲಿ 1704ರಲ್ಲಿ ಹುಟ್ಟಿ, ಹಜ್‌ಗೆ ಹೋಗಿ ಮದೀನಾದಲ್ಲಿ ಓದಿ, ಆಮೇಲೆ ದಖನ್ನಿಗೆ ಬಂದವರು. ನನ್ನ ಹಾಗೆ ಅವರೂ ಹೊರಗಿನವರೇ. ಅರಬ್ಬಿಯಲ್ಲಿ ಎಷ್ಟು ಕವಿತೆ ಬರೆದರು ಅಂದರೆ 'ಹಿಂದ್‌ನ ಹಸ್ಸಾನ್' ಅಂತ ಬಿರುದು ಬಂತು. 1763-64ರಲ್ಲಿ ಅರಬ್ಬಿಯಲ್ಲೇ 'ಸುಭತುಲ್ ಮರ್ಜಾನ್' ಮುಗಿಸಿದರು. ಅದರಲ್ಲಿ ಹಿಂದೂಸ್ತಾನದ ವಿದ್ವಾಂಸರ ಚರಿತ್ರೆ ಇದೆ, ಹಿಂದಿ-ಸಂಸ್ಕೃತದ ಅಲಂಕಾರಗಳು ಅರಬ್ಬಿಯ ಉದಾಹರಣೆಗಳೊಂದಿಗೆ ಇವೆ, ನಮ್ಮ ನಾಯಿಕಾಭೇದವೂ ಇದೆ! ಪ್ರತಿಷ್ಠಾನದ ಹಾಲ ರಾಜನ ಹೆಸರಲ್ಲಿ ಪ್ರಾಕೃತದ ಪ್ರೇಮಗಾಥೆಗಳು ಕೂಡಿದ ಸೀಮೆಯಲ್ಲಿ ಕೂತು, ವಿರಹಿಣಿ ಯಾರು, ಮುನಿದವಳು ಯಾರು ಅಂತ ಅರಬ್ಬರಿಗೆ ಅವರ ಮಾತಲ್ಲೇ ವಿವರಿಸಿದ ಮನುಷ್ಯ.

ಇದೇ ನಿಜಾಮ ಸಂಸ್ಥಾನದ ಹೈದರಾಬಾದಿನಲ್ಲಿ 1888ರಲ್ಲಿ ಶುರುವಾದ ದಾಯಿರತುಲ್ ಮಆರಿಫ್, ಅಲ್-ಬಿರೂನಿಯ ಖಗೋಳದ ಗ್ರಂಥವನ್ನೂ ಭಾರತದ ಬಗೆಗಿನ ಗ್ರಂಥವನ್ನೂ ಅರಬ್ಬಿ ಮೂಲದಲ್ಲಿ ಶೋಧಿಸಿ ಅಚ್ಚು ಮಾಡಿತು. ಕಲಬುರಗಿ, ಬೀದರ್, ರಾಯಚೂರು, ಪೈಠಣ ಎಲ್ಲ ಆಗ ಒಂದೇ ಸಂಸ್ಥಾನ. ಅದರ ಕನ್ನಡ ಜಿಲ್ಲೆಗಳಿಗೆ ಆ ವಿದ್ಯೆಯಿಂದ ಬಂದ ಪಾಲು ಎಷ್ಟು ಅಂತ ಯಾರಾದರೂ ಕೂತು ಬರೀಬೇಕು.

ಆಜಾದ್ 1786ರಲ್ಲಿ ತೀರಿಕೊಂಡರು. ಸಮಾಧಿ ಖುಲ್ದಾಬಾದಿನಲ್ಲಿದೆ. 2025ರ ಮಾರ್ಚಿನಲ್ಲಿ ಔರಂಗಜೇಬನ ಗೋರಿಯ ಗಲಾಟೆ ಎದ್ದಾಗ ಆ ಪುಟ್ಟ ಊರಿಗೆ ದೇಶದ ಕ್ಯಾಮೆರಾಗಳೆಲ್ಲ ಬಂದವು. ನಾನು ನೋಡಿದ ಯಾವ ಚರ್ಚೆಯಲ್ಲೂ ಆಜಾದರ ಹೆಸರು ಬರಲಿಲ್ಲ. ಅವರ ಪುಸ್ತಕದ ನಾಯಿಕೆಯರ ಭಾಗವನ್ನ ಅರಬ್ಬಿಯಿಂದ ನೇರವಾಗಿ ಕನ್ನಡಕ್ಕೆ ತರಬಲ್ಲವರು ಓದುಗರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಶುರು ಮಾಡಿ. ಕರಡು ಓದೋ ಕೆಲಸ ನನಗಿರಲಿ.